ಮಣ್ಣಿನ ಹದವನ್ನು ಹೇಳುವ ಯಂತ್ರ

ಮುಂಗಾರಿನ ಮೊದಲ ಮಳೆಗಳು ಬಿದ್ದು ನಾಲ್ಕಾರು ದಿನಗಳಾದ ಮೇಲೆ, ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯ ಸುತ್ತಣ ಹೊಲಗಳಲ್ಲಿ ಒಂದು ದೃಶ್ಯವನ್ನು ನಾವು ಕಾಣಬಹುದು. ರೈತನು ಹೊಲದ ನಡುವೆ ಬಾಗಿ, ಎರೆಮಣ್ಣನ್ನು ಒಂದು ಹಿಡಿ ತೆಗೆದು ಅಂಗೈಯಲ್ಲಿ ಅಮುಕಿ ನೋಡುತ್ತಾನೆ. ಮಣ್ಣು ಬೆರಳಿಗೆ ಮೆತ್ತಿಕೊಂಡರೆ ಹಸಿ ಹೆಚ್ಚಾಯಿತು. ಪುಡಿಯಾಗಿ ಉದುರಿದರೆ ಹದ ಮೀರಿತು. ಉಂಡೆಯಾಗಿ ನಿಂತು, ಬೆರಳು ತಾಗಿದೊಡನೆ ಬಿರಿದರೆ ಬಿತ್ತನೆಗೆ ಹದ ಬಂದಿತು. ತೊಗರಿಯ ಕಣಜವೆಂದು ಹೆಸರಾದ ಈ ಸೀಮೆಯಲ್ಲಿ, ಹೀಗೆ ಒಂದು ಹಿಡಿ ಮಣ್ಣು ಕೊಟ್ಟ ತೀರ್ಪನ್ನು ನಂಬಿ ಎಷ್ಟೋ ಮನೆಗಳ ಒಂದು ವರ್ಷದ ಬಾಳು ಸಾಗುತ್ತದೆ.

ಅಂಗೈಗೆ ತಿಳಿಯುವ ಈ ಹದವನ್ನು ಸಂಖ್ಯೆಯಲ್ಲಿ ಹೇಳಬಲ್ಲ ಯಂತ್ರವೊಂದನ್ನು ಹೈಸ್ಕೂಲಿನ ವಿದ್ಯಾರ್ಥಿಗಳು ತಾವೇ ಮಾಡಬಲ್ಲರೆ? ನಿಶ್ಚಯವಾಗಿಯೂ ಮಾಡಬಲ್ಲರು. ಅದಕ್ಕೆ ಬೇಕಾದ ಸಾಮಗ್ರಿಗಳು ಒಂದು ಬೊಗಸೆಯಲ್ಲಿ ಹಿಡಿಯುವಷ್ಟೇ. ಆದರೆ ಯಂತ್ರವನ್ನು ಜೋಡಿಸುವುದು ಒಂದು ಮಾತು. ಅದು ನಿಜವನ್ನೇ ಹೇಳುವಂತೆ ಮಾಡುವುದು ಇನ್ನೊಂದು ಮಾತು. ಈ ಎರಡನೆಯದರಲ್ಲಿ ಎದುರಾಗುವ ತೊಡಕುಗಳೇ ವಿದ್ಯುನ್ಮಾನ ಶಾಸ್ತ್ರದ ಮೊದಲ ಪಾಠಗಳು. ಅವನ್ನು ಒಂದೊಂದಾಗಿ ಬಿಡಿಸುತ್ತ ಹೋಗೋಣ.

ಉಗುರಿನಷ್ಟು ಜಾಗದಲ್ಲಿ ಒಂದು ಗಣಕ

ಗಣಕಯಂತ್ರವೆಂದರೆ ಪರದೆಯೂ ಕೀಲಿಮಣೆಯೂ ಇರುವ ಪೆಟ್ಟಿಗೆಯೆಂದು ನಮ್ಮಲ್ಲಿ ಅನೇಕರ ಕಲ್ಪನೆ. ಆದರೆ ಬಟ್ಟೆ ಒಗೆಯುವ ಯಂತ್ರ, ಆಟದ ಗೊಂಬೆ, ದ್ವಿಚಕ್ರ ವಾಹನ ಮುಂತಾದುವುಗಳೊಳಗೆ ಪರದೆಯಿಲ್ಲದ, ಸದ್ದಿಲ್ಲದ ಗಣಕಗಳು ಕುಳಿತು ದುಡಿಯುತ್ತಿರುವುವು. ಇವೇ ಮೈಕ್ರೋಕಂಟ್ರೋಲರುಗಳು. ಲೆಕ್ಕ ಮಾಡುವ ಭಾಗ, ಆಜ್ಞೆಗಳನ್ನು ಕಾಯ್ದಿಡುವ ಸ್ಮೃತಿ, ಹೊರಲೋಕದೊಡನೆ ವ್ಯವಹರಿಸುವ ಬಾಗಿಲುಗಳು, ಈ ಮೂರನ್ನೂ ಸಿಲಿಕಾನಿನ ಒಂದೇ ಚೂರಿನ ಮೇಲೆ ಅಡಕ ಮಾಡಿರುವುದೇ ಇವುಗಳ ವೈಶಿಷ್ಟ್ಯ.

1971ರಲ್ಲಿ ಇಂಟೆಲ್ ಸಂಸ್ಥೆಯು 4004 ಎಂಬ ಮೈಕ್ರೋಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು 2,300. ಆದರೆ ಅದಕ್ಕೆ ಸ್ಮೃತಿಯನ್ನು ಬೇರೆ ಚಿಪ್ಪುಗಳಿಂದ ಒದಗಿಸಬೇಕಾಗಿತ್ತು. ಅದೇ ವರ್ಷ ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಸಂಸ್ಥೆಯ ಗ್ಯಾರಿ ಬೂನ್ ಮತ್ತು ಮೈಕೆಲ್ ಕಾಕ್ರನ್ ಎಂಬ ಎಂಜಿನಿಯರುಗಳು ಎಲ್ಲವನ್ನೂ ಒಂದೇ ಚಿಪ್ಪಿನಲ್ಲಿ ಕೂಡಿಸಿದರು. ಟಿ.ಎಂ.ಎಸ್. 1000 ಎಂಬ ಹೆಸರಿನಿಂದ ಈ ವಂಶದ ಚಿಪ್ಪುಗಳು 1974ರಿಂದ ಮಾರಾಟಕ್ಕೆ ದೊರೆತುವು.

ಎಂಜಿನಿಯರುಗಳಿಗೆ ಮಾತ್ರ ಎಟುಕುತ್ತಿದ್ದ ಈ ವಸ್ತು ವಿದ್ಯಾರ್ಥಿಗಳ ಕೈಗೆ ಬಂದ ಕತೆಯೂ ಸ್ವಾರಸ್ಯವಾದುದು. ಇಟಲಿಯ ಈವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ ಹೆರ್ನಾಂಡೊ ಬರಾಗಾನ್ ಎಂಬ ವಿದ್ಯಾರ್ಥಿಯು 2003ರಲ್ಲಿ ವೈರಿಂಗ್ ಎಂಬ ಸರಳ ಫಲಕವನ್ನು ರೂಪಿಸಿದನು. ಅದರ ಬುನಾದಿಯ ಮೇಲೆ, 2005ರಲ್ಲಿ ಅದೇ ಊರಿನಲ್ಲಿ ಮಾಸಿಮೊ ಬಾಂಝಿ ಮತ್ತು ಅವರ ಸಂಗಡಿಗರು ಆರ್ಡುಯಿನೊ ಫಲಕವನ್ನು ಹೊರತಂದರು. ಅದರ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು, ನಕಲು ಮಾಡಬಹುದು ಎಂದು ಅವರು ತೆರೆದಿಟ್ಟುದರಿಂದ, ಅದೇ ಮಾದರಿಯ ಫಲಕಗಳು ಇಂದು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಪ್ರಸಿದ್ಧವಾದ ‘ಊನೊ’ ಫಲಕದ ಚಿಪ್ಪಿನಲ್ಲಿ ಆಜ್ಞೆಗಳಿಗೆ 32 ಕಿಲೋಬೈಟು ಸ್ಥಳ, ಲೆಕ್ಕದ ಹಲಗೆಯಂತೆ ಬರೆದು ಅಳಿಸಲು 2 ಕಿಲೋಬೈಟು ಸ್ಥಳ ಮಾತ್ರವೇ ಉಂಟು. ಆದರೂ ಅದರ ಗಡಿಯಾರವು ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ಮಣ್ಣಿನ ಹದವನ್ನು ನೋಡಲು ಇದು ಧಾರಾಳವಾಗಿ ಸಾಕು.

ಒಂದು ದೀಪ, ಒಂದು ರೋಧಕ

ಅಕ್ಷರಾಭ್ಯಾಸವು ‘ಅ’ಕಾರದಿಂದ ಆರಂಭವಾಗುವಂತೆ, ಈ ವಿದ್ಯೆಯು ಒಂದು ಎಲ್.ಇ.ಡಿ. ದೀಪವನ್ನು ಮಿನುಗಿಸುವುದರಿಂದ ಆರಂಭವಾಗುತ್ತದೆ. ಫಲಕದ ಒಂದು ಕಾಲಿಗೆ ‘ಉರಿಸು, ಸಾವಿರ ಮಿಲಿಸೆಕೆಂಡು ತಾಳು, ಆರಿಸು, ಸಾವಿರ ಮಿಲಿಸೆಕೆಂಡು ತಾಳು’ ಎಂಬ ನಾಲ್ಕು ಆಜ್ಞೆಗಳನ್ನು ಕೊಟ್ಟರೆ, ವಿದ್ಯುತ್ತು ಇರುವವರೆಗೂ ದೀಪವು ಮಿನುಗುತ್ತಲೇ ಇರುವುದು.

ಆದರೆ ದೀಪದೊಡನೆ ಒಂದು ರೋಧಕವನ್ನೂ ಸರಣಿಯಲ್ಲಿ ಸೇರಿಸಬೇಕೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಏಕೆ? ಕಾಲಿನಿಂದ ಹೊರಡುವ ಒತ್ತಡ 5 ವೋಲ್ಟು. ಕೆಂಪು ದೀಪವು ತನ್ನ ಪಾಲಿಗೆ ಸುಮಾರು 2 ವೋಲ್ಟನ್ನು ತೆಗೆದುಕೊಳ್ಳುತ್ತದೆ. ಉಳಿದ 3 ವೋಲ್ಟನ್ನು 220 ಓಮಿನ ರೋಧಕವು ಹೊತ್ತರೆ, ಓಮನ ನಿಯಮದಂತೆ 3ನ್ನು 220ರಿಂದ ಭಾಗಿಸಿ, ಸುಮಾರು 14 ಮಿಲಿಆಂಪಿಯರು ಪ್ರವಾಹವೆಂದು ತಿಳಿಯುತ್ತದೆ. ಚಿಪ್ಪಿನ ಕಾಲು ನೆಮ್ಮದಿಯಾಗಿ ಕೊಡಬಲ್ಲುದು 20 ಮಿಲಿಆಂಪಿಯರು. 40ನ್ನು ಮೀರಿದರೆ ಅದಕ್ಕೆ ಅಪಾಯ. ರೋಧಕವಿಲ್ಲದಿದ್ದರೆ ಪ್ರವಾಹಕ್ಕೆ ಕಟ್ಟೆಯೇ ಇಲ್ಲದಂತಾಗಿ, ದೀಪವೋ ಚಿಪ್ಪೋ ಎರಡೂ ಕೂಡಿಯೋ ಸುಟ್ಟುಹೋಗಬಹುದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಓಮನ ನಿಯಮವು ಇಲ್ಲಿ ಮೊದಲ ಬಾರಿಗೆ ಕೈಗೆ ಬರುತ್ತದೆ.

ಎರಡು ಮೊಳೆಗಳು

ಈಗ ಮಣ್ಣಿಗೆ ಬರೋಣ. ಒಣಮಣ್ಣಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ಹಸಿಮಣ್ಣಿನಲ್ಲಿ, ನೀರಿನಲ್ಲಿ ಕರಗಿದ ಲವಣಗಳ ದೆಸೆಯಿಂದ, ಹರಿಯುತ್ತದೆ. ಸತುವು ಲೇಪಿಸಿದ ಎರಡು ಮೊಳೆಗಳನ್ನು ಮರದ ಪಟ್ಟಿಯೊಂದಕ್ಕೆ ಎರಡು ಸೆಂಟಿಮೀಟರು ಅಂತರದಲ್ಲಿ ಬಡಿದು ಮಣ್ಣಿಗೆ ಊರಿದರೆ, ಅವುಗಳ ನಡುವಿನ ಮಣ್ಣೇ ಒಂದು ರೋಧಕವಾಗುವುದು. ಒಂದು ಮೊಳೆಗೆ 5 ವೋಲ್ಟು ಕೊಟ್ಟು, ಇನ್ನೊಂದನ್ನು 10,000 ಓಮಿನ ರೋಧಕದ ಮೂಲಕ ಫಲಕದ ಋಣ ತುದಿಗೆ ಸೇರಿಸಿ, ಆ ಎರಡನೆಯ ಮೊಳೆ ಮತ್ತು ರೋಧಕ ಕೂಡುವ ಬಿಂದುವಿನ ಒತ್ತಡವನ್ನು ಅಳೆಯಬೇಕು. ಮಣ್ಣಿನ ರೋಧವೂ 10,000 ಓಮಾದರೆ ಒತ್ತಡವು ಸರಿಪಾಲಾಗಿ ಎರಡೂವರೆ ವೋಲ್ಟು ಬರುವುದು. ಮಣ್ಣು ಒಣಗಿ ಅದರ ರೋಧ 90,000ಕ್ಕೆ ಏರಿದರೆ ಅರ್ಧ ವೋಲ್ಟಿಗೆ ಇಳಿಯುವುದು.

ಚಿಪ್ಪಿನೊಳಗಿರುವ ಪರಿವರ್ತಕವು 0ಯಿಂದ 5 ವೋಲ್ಟಿನವರೆಗಿನ ಒತ್ತಡವನ್ನು 1,024 ಮೆಟ್ಟಿಲುಗಳಾಗಿ ಹಂಚಿ, 0ಯಿಂದ 1,023ರವರೆಗಿನ ಒಂದು ಸಂಖ್ಯೆಯಾಗಿ ತಿಳಿಸುತ್ತದೆ. ಎರಡೂವರೆ ವೋಲ್ಟಿಗೆ 512; ಅರ್ಧ ವೋಲ್ಟಿಗೆ 102. ಸಂಖ್ಯೆ ಹೆಚ್ಚಿದಷ್ಟೂ ಹಸಿ ಹೆಚ್ಚು. ಇಷ್ಟಾದರೆ ಯಂತ್ರವು ಸಿದ್ಧವಾಯಿತೆಂದು ತೋರುತ್ತದೆ. ಆದರೆ ಸುಳ್ಳುಗಳು ಆರಂಭವಾಗುವುದೂ ಇಲ್ಲಿಂದಲೇ.

ಮೊದಲನೆಯ ಸುಳ್ಳು: ಸವೆಯುವ ಮೊಳೆ

ಮೊಳೆಗಳಿಗೆ ಹಗಲೂ ರಾತ್ರಿಯೂ ವಿದ್ಯುತ್ತನ್ನು ಹರಿಸಿದರೆ, ಧನ ತುದಿಯ ಮೊಳೆಯ ಲೋಹವು ವಿದ್ಯುದ್ವಿಭಜನೆಯಿಂದ ಕರಗಿ ಮಣ್ಣಿಗೆ ಸೇರುತ್ತದೆ. ಮೊದಲು ಸತುವು, ಅನಂತರ ಕಬ್ಬಿಣ. ಸವೆದು ತುಕ್ಕು ಹಿಡಿದ ಮೊಳೆಯು ಮಣ್ಣು ಹಸಿಯಾಗಿದ್ದರೂ ಒಣಗಿದೆಯೆಂದು ಸಾಕ್ಷಿ ನುಡಿಯುವುದು. ಇದಕ್ಕೆ ಪರಿಹಾರ ಆಜ್ಞಾವಳಿಯಲ್ಲಿಯೇ ಇದೆ. ಮೊಳೆಗೆ 5 ವೋಲ್ಟನ್ನು ಸದಾಕಾಲವೂ ಕೊಡದೆ, ಫಲಕದ ಒಂದು ಕಾಲಿನ ಮೂಲಕ ಕೊಡಬೇಕು. ಅಳೆಯುವಾಗ ಆ ಕಾಲನ್ನು ಚಾಲೂ ಮಾಡಿ, 10 ಮಿಲಿಸೆಕೆಂಡು ತಾಳಿ, ಸಂಖ್ಯೆಯನ್ನು ಓದಿ, ಒಡನೆಯೇ ಆರಿಸಬೇಕು. ಹತ್ತು ನಿಮಿಷಕ್ಕೊಮ್ಮೆ ಹೀಗೆ ಅಳೆದರೆ, ವಿದ್ಯುತ್ತು ಹರಿಯುವುದು ಒಟ್ಟು ಕಾಲದ ಅರುವತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಸವೆತವೂ ಬಹುಮಟ್ಟಿಗೆ ತಗ್ಗುವುದು. ಲೋಹದ ತೊಂದರೆಯನ್ನು ಬುದ್ಧಿಯಿಂದ ನೀಗಿಸುವ ಈ ಬಗೆಯೇ ಆಜ್ಞಾವಳಿಯ ಸೊಗಸು.

ಎರಡನೆಯ ಸುಳ್ಳು: ಹಸಿಮಣ್ಣಿನಲ್ಲಿ ಋಣ ಸಂಖ್ಯೆ

ಓದಿದ ಸಂಖ್ಯೆಯನ್ನು ಶೇಕಡಾ ಲೆಕ್ಕಕ್ಕೆ ತಿರುಗಿಸಲು ವಿದ್ಯಾರ್ಥಿಯು ಅದನ್ನು 100ರಿಂದ ಗುಣಿಸಿ 1,023ರಿಂದ ಭಾಗಿಸುವಂತೆ ಬರೆಯುತ್ತಾನೆಂದು ಇಟ್ಟುಕೊಳ್ಳೋಣ. ಗಣಿತದಲ್ಲಿ ತಪ್ಪೇನೂ ಇಲ್ಲ. ಓದು 300 ಆದರೆ ಉತ್ತರ ಶೇಕಡಾ 29. ಆದರೆ ಮಣ್ಣಿಗೆ ನೀರು ಹೊಯ್ದು ಓದು 600ಕ್ಕೆ ಏರಿದಾಗ ಯಂತ್ರವು ‘ಶೇಕಡಾ –5’ ಎಂದು ತೋರಿಸುವುದು! ಕೆಸರಿನಲ್ಲಿ ಊರಿದ ಮೊಳೆಯು ಸೊನ್ನೆಗಿಂತಲೂ ಕಡಿಮೆ ತೇವವನ್ನು ಕಂಡುದು ಹೇಗೆ?

ಊನೊ ಫಲಕವು ಸಾಮಾನ್ಯ ಪೂರ್ಣಾಂಕವೊಂದಕ್ಕೆ 16 ಬಿಟ್ಟುಗಳ ಮನೆಯನ್ನು ಮಾತ್ರ ಕೊಡುತ್ತದೆ. ಆ ಮನೆಯಲ್ಲಿ –32,768ರಿಂದ 32,767ರವರೆಗಿನ ಸಂಖ್ಯೆಗಳಿಗೆ ಮಾತ್ರವೇ ಜಾಗ. 600ನ್ನು 100ರಿಂದ ಗುಣಿಸಿದರೆ 60,000. ಕೊಳಗವು ತುಂಬಿ ಚೆಲ್ಲಿದಂತೆ ಸಂಖ್ಯೆಯು ಮೇರೆ ಮೀರಿ, 65,536ನ್ನು ಕಳೆದುಕೊಂಡು, –5,536 ಆಗಿ ಕುಳಿತಿರುತ್ತದೆ. ಅದನ್ನು 1,023ರಿಂದ ಭಾಗಿಸಿ ದಶಮಾಂಶವನ್ನು ಬಿಟ್ಟರೆ –5. ಓದು 327ರವರೆಗೆ ಇರುವಾಗ ಈ ದೋಷವು ತಲೆದೋರುವುದೇ ಇಲ್ಲ ಎಂಬುದು ಗಮನಾರ್ಹವಾದ ಅಂಶ. ಶಾಲೆಯ ಮೇಜಿನ ಮೇಲೆ ಒಣಮಣ್ಣಿನಲ್ಲಿ ಪರೀಕ್ಷಿಸಿದಾಗ ಯಂತ್ರವು ಸತ್ಯವಂತನಂತೆ ನಡೆದುಕೊಳ್ಳುತ್ತದೆ. ಮಳೆ ಬಂದ ದಿನ ಹೊಲದಲ್ಲಿ ಸುಳ್ಳು ಹೇಳುತ್ತದೆ.

ಈ ಯಂತ್ರಕ್ಕೆ ನೀರು ಬಿಡುವ ಕವಾಟವೊಂದನ್ನು ಜೋಡಿಸಿ, ‘ತೇವವು ಶೇಕಡಾ 20ಕ್ಕಿಂತ ಕಡಿಮೆಯಾದರೆ ನೀರು ಬಿಡು’ ಎಂದು ಆಜ್ಞೆ ಮಾಡಿದ್ದರೆ ಆಗುವುದೇನು? –5 ಎಂಬುದು 20ಕ್ಕಿಂತ ಕಡಿಮೆಯೇ ಆದುದರಿಂದ, ಕೆಸರಾದ ಹೊಲಕ್ಕೆ ಯಂತ್ರವು ಮತ್ತೆ ಮತ್ತೆ ನೀರು ಬಿಡುತ್ತದೆ. ನೀರು ನಿಂತ ಮಣ್ಣಿನಲ್ಲಿ ತೊಗರಿಯ ಬೇರಿಗೆ ಗಾಳಿ ಸಿಕ್ಕುವುದಿಲ್ಲ, ಗಿಡವು ಬಾಡುತ್ತದೆ. ಬಾಡಿದ ಗಿಡವನ್ನು ಕಂಡು ನೀರು ಸಾಲದೆಂದು ಬಗೆಯುವವರೂ ಉಂಟು! ಆಜ್ಞಾವಳಿಯಲ್ಲಿ ಸಂಖ್ಯೆಗೆ 32 ಬಿಟ್ಟುಗಳ ದೊಡ್ಡ ಮನೆಯನ್ನು ಕೊಡುವ ಒಂದು ಪದವನ್ನು ಸೇರಿಸಿದ್ದರೆ ಈ ಅನರ್ಥವೆಲ್ಲ ತಪ್ಪುತ್ತಿತ್ತು. ಗೆಳೆಯನೊಬ್ಬನು ಹೊಸ ಮಾದರಿಯ 32 ಬಿಟ್ಟಿನ ಫಲಕದಲ್ಲಿ ಇದೇ ಆಜ್ಞಾವಳಿಯನ್ನು ನಡೆಸಿದರೆ ದೋಷವೇ ಕಾಣದು. ‘ಅವನಲ್ಲಿ ಸರಿಯಾಗಿ ನಡೆಯಿತು’ ಎಂಬ ಮಾತು ನಮ್ಮ ಯಂತ್ರಕ್ಕೆ ಪ್ರಮಾಣವಾಗದೆಂಬುದು ಇದರಿಂದ ಸ್ಪಷ್ಟ.

ಮೂರನೆಯ ಸುಳ್ಳು: ಎರವಲು ತಂದ ಅಂಕಿ

ಇನ್ನೊಂದು ತೊಡಕು ಈ ನೆಲಕ್ಕೇ ಸೇರಿದುದು. ಬೇರೆಲ್ಲಿಯೋ ಬರೆದ ಆಜ್ಞಾವಳಿಯಲ್ಲಿ ‘ಓದು 400ಕ್ಕಿಂತ ಕಡಿಮೆಯಾದರೆ ಮಣ್ಣು ಒಣಗಿದೆ’ ಎಂದಿದ್ದರೆ, ಆ 400 ಯಾವ ಮಣ್ಣಿಗೆ ಸಂಬಂಧಿಸಿದುದು? ಕೆಮ್ಮಣ್ಣಿಗೋ, ಮರಳಿಗೋ, ಹೂಕುಂಡದ ಗೊಬ್ಬರಕ್ಕೋ? ಎರೆಮಣ್ಣಿನ ಸ್ವಭಾವವೇ ಬೇರೆ. ಅದರಲ್ಲಿರುವ ಜೇಡಿ ಕಣಗಳು ನೀರನ್ನು ಪದರಗಳ ನಡುವೆ ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲವು ಬಾಯಿ ಬಿಡುವುದನ್ನು ಸೇಡಂ, ಚಿತ್ತಾಪುರ, ಚಿಂಚೋಳಿಗಳ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅಂಥ ಒಂದು ಬಿರುಕು ಮೊಳೆಯ ಪಕ್ಕದಲ್ಲಿಯೇ ಬಿಟ್ಟರೆ, ಮಣ್ಣಿಗೂ ಮೊಳೆಗೂ ನಡುವೆ ಗಾಳಿ ತುಂಬಿ, ಕೆಳಗೆ ತೇವವಿದ್ದರೂ ಓದು ಪಾತಾಳಕ್ಕಿಳಿಯುವುದು. ಮಣ್ಣಿನಲ್ಲಿ ಲವಣಾಂಶ ಹೆಚ್ಚಾಗಿದ್ದರೆ ಇದಕ್ಕೆ ವಿರುದ್ಧವಾಗಿ, ತೇವ ಕಡಿಮೆಯಿದ್ದರೂ ಓದು ಮೇಲೇರುವುದು. ರಸಗೊಬ್ಬರ ಹಾಕಿದ ಹೊಲಕ್ಕೂ ಹಾಕದ ಹೊಲಕ್ಕೂ ಓದು ಒಂದೇ ಆಗಿರಲಾರದು.

ಆದುದರಿಂದ ಅಂಕಿಯನ್ನು ಎರವಲು ತರದೆ, ನಮ್ಮ ಮಣ್ಣಿನಿಂದಲೇ ಪಡೆಯಬೇಕು. ಅದರ ಕ್ರಮ ಹೀಗಿದೆ. ಹೊಲದ ಮಣ್ಣನ್ನು ಪ್ರಯೋಗಶಾಲೆಯ ಒಲೆಯಲ್ಲಿ 105 ಡಿಗ್ರಿ ಶಾಖದಲ್ಲಿ, ತೂಕವು ಇನ್ನು ಇಳಿಯದೆಂಬಂತೆ ಆಗುವವರೆಗೆ ಒಣಗಿಸಬೇಕು. ಇದಕ್ಕೆ ಸಾಮಾನ್ಯವಾಗಿ ಒಂದು ಹಗಲು, ಒಂದು ರಾತ್ರಿ ಹಿಡಿಯುತ್ತದೆ. ಐದು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತಲಾ 200 ಗ್ರಾಂ ಒಣಮಣ್ಣನ್ನು ಹಾಕಿ, ಮೊದಲನೆಯದನ್ನು ಹಾಗೆಯೇ ಬಿಟ್ಟು, ಉಳಿದುವಕ್ಕೆ ಕ್ರಮವಾಗಿ 20, 40, 60, 80 ಗ್ರಾಂ ನೀರನ್ನು ಬೆರೆಸಿ, ಮುಚ್ಚಿ, ಒಂದು ದಿನ ಬಿಡಬೇಕು. ಆಗ ತೇವವು ಒಣತೂಕದ ಶೇಕಡಾ 0, 10, 20, 30, 40 ಆಗಿರುತ್ತದೆ. ಮಣ್ಣನ್ನು ಒತ್ತಿ, ಮೊಳೆಗಳನ್ನು ಒಂದೇ ಆಳಕ್ಕೆ ಊರಿ, ಓದುಗಳನ್ನು ಬರೆದುಕೊಂಡು, ಚೌಕಳಿ ಕಾಗದದ ಮೇಲೆ ರೇಖೆ ಎಳೆಯಬೇಕು. ಈ ರೇಖೆಯು ನೇರವಾಗಿರುವುದಿಲ್ಲ, ಬಾಗಿರುತ್ತದೆ. ಆ ಬಾಗೇ ನಿಮ್ಮ ಹೊಲದ ಸಹಿ. ಮುಂದೆ ಯಂತ್ರವು ನೋಡಬೇಕಾದುದು ಆ ರೇಖೆಯನ್ನೇ.

ಜೊತೆಗೆ, ಹದವನ್ನು ಬಲ್ಲ ಹಿರಿಯರೊಬ್ಬರಿಗೆ ಆ ಐದು ಡಬ್ಬಿಗಳನ್ನೂ ಕೊಟ್ಟು, ಬಿತ್ತನೆಗೆ ಯಾವುದು ಹದವೆಂದು ಕೇಳಬೇಕು. ಅವರ ಅಂಗೈ ಆರಿಸಿದ ಡಬ್ಬಿಯ ಸಂಖ್ಯೆಯನ್ನು ರೇಖೆಯ ಮೇಲೆ ಗುರುತಿಸಿದರೆ, ತಲೆಮಾರುಗಳ ಅನುಭವವು ಯಂತ್ರದೊಳಗೆ ಒಂದು ಅಂಕಿಯಾಗಿ ನೆಲಸುವುದು.

ಮಾನ್ಯಖೇಟದ ಒಂದು ನೆನಪು

ಗುಂಡಗುರ್ತಿಗೆ ಸಮೀಪದಲ್ಲಿಯೇ, ಕಾಗಿಣಾ ನದಿಯ ದಡದಲ್ಲಿ, ಇಂದಿನ ಮಳಖೇಡ ಇದೆ. ಇದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಮಹತ್ತ್ವದ ಗ್ರಂಥವನ್ನು ರಚಿಸಿದನು. ಆ ಮೇಧಾವಿಯೂ ಒಂದು ಕಡೆ ಎಡವಿದನು: ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಹೇಳಿದನು. ಸೊನ್ನೆಯಿಂದ ಭಾಗಿಸುವ ಕ್ರಿಯೆಗೆ ಅರ್ಥವೇ ಇಲ್ಲವೆಂಬುದನ್ನು ಇಂದಿನ ಗಣಿತವು ಬಲ್ಲದು.

ಈ ಪ್ರಸ್ತಾಪ ಇಲ್ಲಿ ಏಕೆಂದರೆ, ನಮ್ಮ ಯಂತ್ರದಲ್ಲಿಯೂ ಇದೇ ಹಳ್ಳವು ಕಾದಿದೆ. ಈಗಿನ ಓದಿನಿಂದ ಒಣ ಓದನ್ನು ಕಳೆದು, ಹಸಿ ಓದು ಮತ್ತು ಒಣ ಓದುಗಳ ವ್ಯತ್ಯಾಸದಿಂದ ಭಾಗಿಸುವಂತೆ ಬರೆದಿದ್ದೇವೆನ್ನೋಣ. ಅಳತೆ ಹೊಂದಿಸುವ ದಿನ ತಂತಿಯೊಂದು ಕಡಿದಿದ್ದು, ಎರಡು ಓದುಗಳೂ ಒಂದೇ ಆಗಿದ್ದರೆ, ಭಾಜಕವು ಸೊನ್ನೆ. ಈ ಪುಟ್ಟ ಚಿಪ್ಪು ಆಕ್ಷೇಪಣೆ ಮಾಡುವುದಿಲ್ಲ. ಅರ್ಥವಿಲ್ಲದ ಯಾವುದೋ ಸಂಖ್ಯೆಯನ್ನು ಗಂಭೀರವಾಗಿ ಮುಂದಿಡುವುದು. ಭಾಗಿಸುವ ಮೊದಲು ‘ಭಾಜಕವು ಸೊನ್ನೆಯೆ?’ ಎಂದು ಪರೀಕ್ಷಿಸುವ ಒಂದು ಸಾಲನ್ನು ನಾವೇ ಬರೆಯಬೇಕು. ಯಂತ್ರಕ್ಕೆ ವಿವೇಕವೆಂಬುದು ನಾವು ಬರೆದು ಕೊಟ್ಟಷ್ಟೇ.

ಅಳತೆಗಾರನಿಂದ ಕೆಲಸಗಾರನಿಗೆ

ಇಲ್ಲಿಂದ ಮುಂದಿನ ಹೆಜ್ಜೆಯೇ ರೋಬಾಟು. ಚೆಕ್ ನಾಟಕಕಾರ ಕಾರೆಲ್ ಚಾಪೆಕನು 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಬಳಕೆಗೆ ಬಂದ ಈ ಪದಕ್ಕೆ ಬಿಟ್ಟಿ ದುಡಿಮೆಯೆಂಬ ಅರ್ಥದ ಮಾತು ಮೂಲ. ಮನುಷ್ಯಾಕಾರವು ರೋಬಾಟಿಗೆ ಅವಶ್ಯವಲ್ಲ. ಗ್ರಹಿಸುವುದು, ನಿರ್ಧರಿಸುವುದು, ಕೆಲಸ ಮಾಡುವುದು ಎಂಬ ಮೂರು ಅಂಗಗಳಿದ್ದರೆ ಸಾಕು. 1948–49ರಲ್ಲಿ ಬ್ರಿಸ್ಟಲಿನ ಗ್ರೇ ವಾಲ್ಟರ್ ಎಂಬ ವಿಜ್ಞಾನಿಯು ಕೇವಲ ಎರಡೆರಡು ವಾಲ್ವುಗಳಿಂದ, ಬೆಳಕನ್ನು ಅರಸಿ ಹೋಗುವ ಯಾಂತ್ರಿಕ ಆಮೆಗಳನ್ನು ನಿರ್ಮಿಸಿದ್ದನು. ನಮ್ಮ ಎರಡು ಮೊಳೆಗಳೂ ಕವಾಟವೂ ಅದೇ ಕುಲಕ್ಕೆ ಸೇರಿದುವು.

ಕವಾಟವನ್ನು ಚಿಪ್ಪಿನ ಕಾಲಿಗೆ ನೇರವಾಗಿ ಜೋಡಿಸಲಾಗದು. ಚಿಕ್ಕ ರಿಲೇಯೊಂದರ ಸುರುಳಿಗೇ ಸುಮಾರು 70 ಮಿಲಿಆಂಪಿಯರು ಬೇಕಾಗುವುದರಿಂದ, ನಡುವೆ ಟ್ರಾನ್ಸಿಸ್ಟರೊಂದನ್ನು ಇಡಬೇಕು. ಕಾಲುವೆಯ ತೂಬನ್ನು ಒಬ್ಬ ಹುಡುಗನು ಎತ್ತಿದರೂ ಹರಿಯುವ ನೀರು ಬಹಳವಾಗಿರುವಂತೆ, ಟ್ರಾನ್ಸಿಸ್ಟರಿನಲ್ಲಿ ಅಲ್ಪ ಪ್ರವಾಹವು ದೊಡ್ಡ ಪ್ರವಾಹವನ್ನು ಆಳುತ್ತದೆ. ಸುರುಳಿಯನ್ನು ಆರಿಸಿದ ಕ್ಷಣ ಅದರಲ್ಲಿ ಹಿಮ್ಮುಖವಾಗಿ ಚಿಮ್ಮುವ ಒತ್ತಡದಿಂದ ಟ್ರಾನ್ಸಿಸ್ಟರನ್ನು ಕಾಪಾಡಲು ಡಯೋಡೊಂದು ಬೇಕು. ನೀರು ಬಿಡುವುದಕ್ಕೂ ನಿಲ್ಲಿಸುವುದಕ್ಕೂ ಒಂದೇ ಅಂಕಿಯನ್ನು ಇಡಬಾರದು. ಇಟ್ಟರೆ ಆ ಗೆರೆಯ ಮೇಲೆ ಕವಾಟವು ಟಕಟಕನೆ ತೆರೆದು ಮುಚ್ಚುತ್ತಿರುವುದು. 20ಕ್ಕೆ ಇಳಿದಾಗ ತೆರೆ, 28ಕ್ಕೆ ಏರಿದಾಗ ಮುಚ್ಚು ಎಂದು ಎರಡು ಗೆರೆಗಳನ್ನು ಎಳೆಯುವುದೇ ಜಾಣತನ. ಈ ಪ್ರಯೋಗಗಳೆಲ್ಲ ಬ್ಯಾಟರಿಯ ಅಲ್ಪ ಒತ್ತಡದಲ್ಲಿಯೇ ನಡೆಯಬೇಕು. ಮನೆಯ 230 ವೋಲ್ಟಿನ ತಂತಿಗಾಗಲಿ ಕೊಳವೆಬಾವಿಯ ಪಂಪಿಗಾಗಲಿ ವಿದ್ಯಾರ್ಥಿಗಳು ಕೈ ಹಚ್ಚತಕ್ಕದ್ದಲ್ಲ.

ನೀತಿ ಆಯೋಗವು 2016ರಿಂದ ಸ್ಥಾಪಿಸುತ್ತ ಬಂದಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿ 6ರಿಂದ 12ನೆಯ ತರಗತಿಯ ವಿದ್ಯಾರ್ಥಿಗಳಿಗೆ ಇಂಥ ಸಲಕರಣೆಗಳು ದೊರೆಯುತ್ತವೆ. ಅಂಥ ಅನುಕೂಲವಿಲ್ಲದ ಶಾಲೆಯಲ್ಲಿಯೂ ನಾಲ್ವರು ಗೆಳೆಯರು ಕೂಡಿ ಒಂದು ಫಲಕವನ್ನು ಕೊಳ್ಳಬಹುದು. ಕೆಲಸ ಕೆಟ್ಟಾಗ ಎಲ್ಲವನ್ನೂ ಕಿತ್ತು ಹಾಕದೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ನೋಡಿದುದನ್ನು ತೇದಿ ಹಾಕಿ ನೋಟುಬುಕ್ಕಿನಲ್ಲಿ ಬರೆದಿಡಬೇಕು.

ಈ ಯಂತ್ರವು ಹೇಳಲಾರದ ಸಂಗತಿಗಳೂ ಉಂಟು. ತೊಗರಿಗೆ ತಗಲುವ ನೆಟೆ ರೋಗವನ್ನು ಅದು ಅರಿಯದು. ನಾಳಿನ ಮಳೆಯನ್ನೂ ಅರಿಯದು. ತನ್ನ ಎರಡು ಮೊಳೆಗಳ ನಡುವೆ ಇರುವ ಎರಡು ಸೆಂಟಿಮೀಟರು ಮಣ್ಣಿನ ಸುದ್ದಿಯನ್ನಷ್ಟೇ ಅದು ಬಲ್ಲದು. ಆದರೆ ಆ ಎರಡು ಸೆಂಟಿಮೀಟರಿನ ಸತ್ಯವನ್ನು ತಪ್ಪಿಲ್ಲದೆ ತಿಳಿಯಲು ಓಮನ ನಿಯಮ, ವಿದ್ಯುದ್ವಿಭಜನೆ, ದ್ವಿಮಾನ ಅಂಕಗಣಿತ, ಮಣ್ಣಿನ ಗುಣ, ಹಿರಿಯರ ಅಂಗೈ ಎಲ್ಲವೂ ಬೇಕಾದುವು. ಮುಂದಿನ ಮುಂಗಾರಿನ ಹೊತ್ತಿಗೆ ಗುಂಡಗುರ್ತಿಯ ಯಾವುದಾದರೊಂದು ಹೊಲದ ಬದುವಿನ ಮೇಲೆ, ಹಿಡಿಮಣ್ಣನ್ನು ಅಮುಕಿ ನೋಡುವ ತಂದೆಯೂ ಓದನ್ನು ಬರೆದುಕೊಳ್ಳುವ ಮಗಳೂ ಅಕ್ಕಪಕ್ಕದಲ್ಲಿ ಕುಳಿತು, ಇಬ್ಬರ ಉತ್ತರವೂ ಒಂದೇ ಆಯಿತೆ ಎಂದು ಹೋಲಿಸಿ ನೋಡಲಿ. ಬೇರೆಯಾದರೆ ಇನ್ನೂ ಒಳ್ಳೆಯದು. ಅಲ್ಲಿಂದ ಮುಂದಿನ ಪಾಠ ಆರಂಭವಾಗುತ್ತದೆ.